ಸ್ಯಾಂಪಲ್ ಬೇಸ್ ಗಿಟಾರ್ ಕೀಬೋರ್ಡ್ ಥರ ಯಾಕೆ ಕೇಳಿಸುತ್ತದೆ?

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರ್‌ನಲ್ಲಿ ಹಾಡು ಮಾಡುತ್ತೇನೆ. ಈಗ ಒಂದು ಭಾವಗೀತೆ ಕೈಯಲ್ಲಿದೆ. ತಬಲ, ಅಕೂಸ್ಟಿಕ್ ಗಿಟಾರ್, ಹಾಡುಗಾರ್ತಿಯ ದನಿ ಎಲ್ಲವನ್ನೂ ನಿಜವಾಗಿ ರೆಕಾರ್ಡ್ ಮಾಡಿದ್ದೇನೆ. ಬೇಸ್ ಗಿಟಾರ್ ನುಡಿಸುವವರು ಮಾತ್ರ ಸಿಗಲಿಲ್ಲ. ಅದಕ್ಕೆ ಒಂದು ಸ್ಯಾಂಪಲ್ ಬೇಸ್ ಪ್ಲಗಿನ್ (ರೆಕಾರ್ಡ್ ಮಾಡಿಟ್ಟ ನಿಜವಾದ ಬೇಸ್ ಸ್ವರಗಳನ್ನು ನುಡಿಸುವ ಸಾಫ್ಟ್‌ವೇರ್) ಹಾಕಿ ಮಿಡಿಯಲ್ಲಿ, ಅಂದರೆ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಅನ್ನುವ ಸೂಚನೆಗಳಾಗಿ ಬರೆದೆ. ಕೆಹರವಾ ತಾಳ, 96 ಬಿಪಿಎಂ (ನಿಮಿಷಕ್ಕೆ 96 ಬೀಟ್), ಕಾರ್ಡ್‌ಗಳು ಎ ಮೈನರ್, ಎಫ್, ಸಿ, ಜಿ. ಒಂದೊಂದೇ ಸ್ವರ ಕೇಳಿದರೆ ಸ್ಯಾಂಪಲ್ ಅದ್ಭುತವಾಗಿದೆ. ಹಾಡಿನಲ್ಲಿ ಸೇರಿಸಿದರೆ ಯಾರೋ ಕೀಬೋರ್ಡ್‌ನಲ್ಲಿ ಎಡಗೈ ನುಡಿಸಿದ ಹಾಗಿದೆ. ಮನುಷ್ಯರು ನುಡಿಸಿದಂತೆ ಮಾಡುವ ಹ್ಯೂಮನೈಸ್ ಗುಂಡಿ ಒತ್ತಿದೆ, ಇನ್ನೂ ಕೆಟ್ಟಿತು. ದುಬಾರಿ ಸ್ಯಾಂಪಲ್ ಲೈಬ್ರರಿ ಕೊಳ್ಳಬೇಕಾ? ಪಿಯಾನೊ ರೋಲ್‌ನ (ಮಿಡಿ ಸ್ವರಗಳು ಪಟ್ಟಿಗಳಾಗಿ ಕಾಣುವ ಪರದೆ) ಚಿತ್ರ ಕಳಿಸಿದ್ದೇನೆ.

ಉತ್ತರ: ಕೊಳ್ಳಬೇಡಿ. ಈಗಂತೂ ಬೇಡ. ಒಂದೊಂದೇ ಸ್ವರ ಕೇಳಿದರೆ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಅಂದರೆ ದನಿ ಸರಿಯಾಗಿದೆ. ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಎಡವಟ್ಟಾಗಿದೆ. ಇದೇ ಮಿಡಿಯನ್ನು ಎಷ್ಟು ಬೆಲೆಯ ಲೈಬ್ರರಿಗೆ ಕೊಟ್ಟರೂ ಅದೇ ಎಡಗೈ ಕೇಳಿಸುತ್ತದೆ.

ನಿಮ್ಮ ಚಿತ್ರದಲ್ಲಿ ಮೂರು ವಿಷಯ ಕಾಣುತ್ತದೆ. ಪ್ರತಿ ಸ್ವರವೂ ಮುಂದಿನದಕ್ಕೆ ಅಂಟಿಕೊಂಡಿದೆ. ಕೆಲವು ಕಡೆ ಒಂದರ ಬಾಲ ಇನ್ನೊಂದರ ಮೇಲೆ ಹತ್ತಿದೆ. ವೆಲಾಸಿಟಿ, ಅಂದರೆ ಮೀಟಿನ ಜೋರು, ಎಲ್ಲದಕ್ಕೂ 100. ಸಾಮಾನ್ಯವಾಗಿ ಎಲ್ಲರೂ ಮೊದಲು ವೆಲಾಸಿಟಿಗೆ ಕೈ ಹಾಕುತ್ತಾರೆ. ನಾನು ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಸ್ವರದ ಉದ್ದ.

ಪಿಯಾನೊ ರೋಲ್ ನೋಡುವಾಗ ಕಣ್ಣು ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವ ಕಡೆಗೇ ಹೋಗುತ್ತದೆ. ಬೇಸ್ ನುಡಿಸುವವರಿಗೆ ಅದು ಎಲ್ಲಿ ನಿಲ್ಲಬೇಕು ಅನ್ನುವುದೂ ಅಷ್ಟೇ ಮುಖ್ಯ. ದಪ್ಪ ತಂತಿ, ಒಮ್ಮೆ ಮೀಟಿದರೆ ಸುಮಾರು ಹೊತ್ತು ಮೊಳಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಎಡಗೈ ಬೆರಳನ್ನು ಸಡಿಲ ಮಾಡಬೇಕು, ಇಲ್ಲವೇ ಬಲಗೈ ಬೆರಳು ಬಂದು ತಂತಿಯ ಮೇಲೆ ಕೂರಬೇಕು. ಅದೇ ತಂತಿಯನ್ನು ಮತ್ತೆ ಮೀಟುವಾಗಲೂ ಹೀಗೇ ಆಗುತ್ತದೆ. ಬೆರಳು ಮೊದಲು ತಂತಿಯನ್ನು ಮುಟ್ಟುತ್ತದೆ, ಆಮೇಲೆ ಮೀಟುತ್ತದೆ. ಮುಟ್ಟಿದ ಗಳಿಗೆಯಲ್ಲೇ ಹಳೆಯ ಸ್ವರ ನಿಂತಿರುತ್ತದೆ. ಹಾಗಾಗಿ ಎರಡು ಸ್ವರಗಳ ನಡುವೆ ಒಂದು ಸಣ್ಣ ಸಂದು ಇದ್ದೇ ಇರುತ್ತದೆ. ನಿಮ್ಮ ಹಾಡಿನ ವೇಗಕ್ಕೆ 25 ಮಿಲಿಸೆಕೆಂಡ್ ಸಂದು ಬಿಟ್ಟು ನೋಡಿ. ರೀಪರ್ ಸಾಫ್ಟ್‌ವೇರ್‌ನಲ್ಲಿ ಒಂದು ಬೀಟ್‌ಗೆ 960 ಟಿಕ್ (ಬೀಟ್‌ನ ಸಣ್ಣ ಪಾಲು) ಇದ್ದರೆ ಅದು ಹತ್ತಿರ ಹತ್ತಿರ 38 ಟಿಕ್. ಎಫ್‌ಎಲ್ ಸ್ಟುಡಿಯೊದಲ್ಲಿ ಮೊದಲಿಂದ ಇರುವ 96ರ ಸೆಟ್ಟಿಂಗ್ ಬದಲಿಸದಿದ್ದರೆ ಬರೀ 4 ಟಿಕ್.

ಬಾಲ ಹತ್ತಿರುವ ಕಡೆ ತೊಂದರೆ ಬೇರೆ. ತುಂಬಾ ಬೇಸ್ ಲೈಬ್ರರಿಗಳು ಒಂದು ಸ್ವರ ಬಿಡುವ ಮೊದಲೇ ಇನ್ನೊಂದು ಬಂದರೆ ಅದನ್ನು ಲೆಗಾಟೊ (ಬಿಡದೆ ಕೂಡಿಸಿ ನುಡಿಸಿದ್ದು) ಅಂತ ತಿಳಿಯುತ್ತವೆ. ಆಗ ಎರಡನೆಯ ಸ್ವರಕ್ಕೆ ಮೀಟಿನ ಸದ್ದೇ ಬರುವುದಿಲ್ಲ. ಮೀಟದೆ ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಹುಟ್ಟಿಸುವ ಹ್ಯಾಮರ್-ಆನ್ ಸ್ಯಾಂಪಲ್ ಬರುತ್ತದೆ. ಕೀಬೋರ್ಡ್‌ನಲ್ಲಿ ನುಡಿಸಿ ರೆಕಾರ್ಡ್ ಮಾಡಿದರೆ ಬೆರಳುಗಳು ಗೊತ್ತಿಲ್ಲದೆ ಹೀಗೆ ಮೇಲೆ ಬೀಳುತ್ತವೆ. ನಿಮ್ಮ ಎರಡನೆಯ ಸಾಲಿನಲ್ಲಿ ಸ್ವರ ಒಂದೆರಡು ಕಡೆ ನುಂಗಿಹೋದಂತೆ ಇದ್ದರೆ ಕಾರಣ ಇದೇ ಇರಬೇಕು. ಎಲ್ಲ ಸ್ವರಗಳನ್ನೂ ಆಯ್ದುಕೊಂಡು ಬಾಲ ಕತ್ತರಿಸಿ. ನಿಜಕ್ಕೂ ಹ್ಯಾಮರ್-ಆನ್ ಬೇಕಾದ ಕಡೆ ಮಾತ್ರ ಮತ್ತೆ ಎಳೆಯಿರಿ.

ಇನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು. ಡ್ರಮ್ಸ್ ಇರುವ ಹಾಡಿನಲ್ಲಿ ಕಿಕ್ ಜೊತೆ ಶುರು ಮಾಡಿ, ಸ್ನೇರ್ ಬಂದ ತಕ್ಷಣ ಬಿಡಿ ಅಂತ ಹೇಳಿ ಮುಗಿಸಬಹುದಿತ್ತು. ನಿಮ್ಮ ಹಾಡಿನಲ್ಲಿ ಕಿಕ್ ಇಲ್ಲ, ತಬಲ ಇದೆ. ಆ ಕೆಲಸವನ್ನು ಡಗ್ಗಾ (ಜೋಡಿಯಲ್ಲಿ ದಪ್ಪ ದನಿಯದು) ಮಾಡುತ್ತಿದೆ. ಇದನ್ನು ಹೇಳಿಕೊಡುವ ಇಂಗ್ಲಿಷ್ ವಿಡಿಯೊ ಸಿಗುವುದು ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೆಹರವಾದ ಬೋಲ್ ನಿಮಗೆ ಗೊತ್ತೇ ಇದೆ: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಇವು ನಾಲ್ಕು ಬೀಟ್‌ನ ಒಂದು ಬಾರ್ ಆಗಿ ಕೂತಿವೆ. ಒಂದು ಮಾತ್ರೆಗೆ ಸುಮಾರು 312 ಮಿಲಿಸೆಕೆಂಡ್. ಈ ಎಂಟರಲ್ಲಿ ಡಗ್ಗಾ ತೆರೆದು ಮೊಳಗುವುದು 1, 2 ಮತ್ತು 7ರಲ್ಲಿ. 6ನೆಯ 'ಕ' ಮುಚ್ಚಿದ ಪೆಟ್ಟು. 4ರಿಂದ 6ರವರೆಗೆ ಕೆಳಗಿನ ಸದ್ದು ಖಾಲಿ. ತಬಲದವರು ಆ ಖಾಲಿಯನ್ನು ಬೇಕೆಂದೇ ಬಿಟ್ಟಿದ್ದಾರೆ. 7ರ 'ಧಿ' ಬಂದಾಗ ಹಾಡು ಮುಂದಕ್ಕೆ ತಳ್ಳಿದಂತೆ ಆಗುವುದು ಆ ಖಾಲಿಯಿಂದಲೇ. ನಿಮ್ಮ ಬೇಸ್ ಬಾರ್ ಪೂರ್ತಿ ಮೊಳಗುತ್ತಾ ಅದನ್ನು ತುಂಬಿಬಿಟ್ಟಿದೆ.

ಹೀಗೆ ಬದಲಿಸಿ ನೋಡಿ. 1ನೆಯ ಮಾತ್ರೆಯಲ್ಲಿ ಎ ಸ್ವರ ಮೀಟಿ. 'ತಿ' ಬರುವ ಹೊತ್ತಿಗೆ, ಅಂದರೆ 4ನೆಯ ಮಾತ್ರೆಗೆ ಸರಿಯಾಗಿ, ನಿಲ್ಲಿಸಿ. 4, 5 ಸುಮ್ಮನಿರಿ. 6ರ 'ಕ' ಮೇಲೆ ಒಂದು ಡೆಡ್ ನೋಟ್ (ಸ್ವರವಿಲ್ಲದ ಬರೀ ಪೆಟ್ಟು, ಮುಂದೆ ಹೇಳುತ್ತೇನೆ) ಇಡಿ. 7ರಲ್ಲಿ ಮತ್ತೆ ಎ, ಗಿಡ್ಡವಾಗಿ. 8ರಲ್ಲಿ ಜಿ. ಮುಂದಿನ ಬಾರ್ ಎಫ್‌ನಿಂದ ಶುರು. ಎರಡನೆಯ ಬಾರ್‌ನ 8ರಲ್ಲಿ ಬಿ ಇಟ್ಟರೆ ಮೂರನೆಯ ಬಾರ್‌ನ ಸಿಗೆ ಅರ್ಧ ಸ್ವರದ ಹತ್ತಿರದಿಂದ ಹೋಗುತ್ತೀರಿ. ಇಷ್ಟೇ. ಇದಕ್ಕಿಂತ ಜಾಸ್ತಿ ಸ್ವರ ಬೇಕು ಅಂತ ಅನ್ನಿಸುತ್ತದೆ, ಗೊತ್ತು. 80ರ ದಶಕದ ಇಳಯರಾಜರ ಹಾಡುಗಳನ್ನು ಕೇಳಿ ಬೆಳೆದವರಿಗೆ ಬೇಸ್ ಅಂದರೆ ಪಲ್ಲವಿಯ ಕೆಳಗೆ ಓಡುವ ಇನ್ನೊಂದು ರಾಗ. ಆದರೆ ಅಲ್ಲಿ ಇಡೀ ಹಾಡನ್ನು ಆ ಬೇಸ್‌ಗೆ ಜಾಗ ಬಿಟ್ಟೇ ಕಟ್ಟಿರುತ್ತಾರೆ. ನಿಮ್ಮ ಹಾಡಿನಲ್ಲಿ ಮುಂದೆ ನಿಂತಿರುವುದು ಕವಿತೆಯ ಮಾತು.

ಡಗ್ಗಾ ಇರುವ ಕಡೆ ಇನ್ನೊಂದು ಎಚ್ಚರ. ತಬಲದವರು ಅಂಗೈ ಒತ್ತಿ ಡಗ್ಗಾದ ಸ್ವರವನ್ನು ಏರಿಸುತ್ತಾರೆ, ಇಳಿಸುತ್ತಾರೆ. ಅದೇ ಹೊತ್ತಿಗೆ ನಿಮ್ಮ ಬೇಸ್ ಕೂಡ ಜಾರಿದರೆ ಕೆಳಗಡೆ ಬರೀ ಗೊಜ್ಜು. ಡಗ್ಗಾ ಜಾರುವಾಗ ಬೇಸ್ ನೆಟ್ಟಗೆ ನಿಂತಿರಲಿ.

ಈಗ ಎಡಗೈ. ನಾಲ್ಕು ತಂತಿಯ ಬೇಸ್‌ನ ಶ್ರುತಿ ಕೆಳಗಿನಿಂದ ಇ, ಎ, ಡಿ, ಜಿ. ಪ್ರತಿ ತಂತಿಗೂ ಮುಂದಿನದಕ್ಕೂ ಐದು ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಮನೆ, ಒಂದೊಂದೂ ಅರ್ಧ ಸ್ವರ) ಅಂತರ. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು. ಮೊದಲ ಫ್ರೆಟ್ ಒಂದೇ ಸುಮಾರು 1.9 ಇಂಚು ಅಗಲ. ಅಷ್ಟು ಅಗಲದಲ್ಲಿ ಕೈ ಒಂದು ಕಡೆ ಕೂತರೆ ಮೂರು ನಾಲ್ಕು ಫ್ರೆಟ್ ಮಾತ್ರ ಸಿಗುತ್ತದೆ. ಕೀಬೋರ್ಡ್‌ನಲ್ಲಿ ಯಾವ ಸ್ವರದಿಂದ ಯಾವುದಕ್ಕೆ ಹಾರಿದರೂ ಒಂದೇ. ಬೇಸ್‌ನಲ್ಲಿ ಹಾಗಲ್ಲ. ಕೈ ಸರಿಸಬೇಕು ಅಂದರೆ ಹೊತ್ತು ಬೇಕು, ಆ ಹೊತ್ತಿನಲ್ಲಿ ಹಿಂದಿನ ಸ್ವರ ನಿಂತಿರುತ್ತದೆ, ತಂತಿಯ ಮೇಲೆ ಬೆರಳು ಉಜ್ಜಿದ ಸದ್ದೂ ಬರಬಹುದು.

ನಿಮ್ಮ ಕಾರ್ಡ್‌ಗಳನ್ನು ಈ ಕಣ್ಣಿನಿಂದ ನೋಡಿ. ಎಫ್ ಸಿಗುವುದು ಇ ತಂತಿಯ 1ನೆಯ ಫ್ರೆಟ್‌ನಲ್ಲಿ. ಜಿ ಅದೇ ತಂತಿಯ 3ರಲ್ಲಿ. ಸಿ, ಎ ತಂತಿಯ 3ರಲ್ಲಿ. ಎ ಅಂದರೆ ಫ್ರೆಟ್ ಒತ್ತದೆ ಬಿಟ್ಟ ಎ ತಂತಿ. ಇಡೀ ಹಾಡನ್ನು ಕೈ ಕದಲಿಸದೆ ಕೆಳಗಿನ ಮೂರು ಫ್ರೆಟ್‌ನಲ್ಲೇ ನುಡಿಸಬಹುದು. ಈಗ ನಿಮ್ಮ ಪ್ಲಗಿನ್ ಎ ಸ್ವರವನ್ನು ಎಲ್ಲಿಂದ ತೆಗೆಯುತ್ತಿದೆ ನೋಡಿ. ಬಹಳ ಲೈಬ್ರರಿಗಳ ಪರದೆಯಲ್ಲಿ ಗಿಟಾರ್ ಚಿತ್ರದ ಮೇಲೆ ಚುಕ್ಕೆ ಕಾಣುತ್ತದೆ. ಇ ತಂತಿಯ 5ನೆಯ ಫ್ರೆಟ್‌ನಲ್ಲೂ ಅದೇ ಎ ಇದೆ. ಸ್ವರ ಒಂದೇ, ಬಣ್ಣ ಬೇರೆ. ಬಿಟ್ಟ ತಂತಿ ಸ್ವಲ್ಪ ಝಣ್ ಅನ್ನುತ್ತದೆ. 5ನೆಯ ಫ್ರೆಟ್‌ನದು ಮಂದ, ದುಂಡಗೆ. ಪ್ಲಗಿನ್ ತನಗೆ ತೋಚಿದಂತೆ ಒಮ್ಮೆ ಇದು, ಒಮ್ಮೆ ಅದು ಅಂತ ಆಡುತ್ತಿದ್ದರೆ ಹಾಡಿನ ನಡುವೆ ಬೇಸ್‌ನ ಬಣ್ಣ ಕಾರಣವಿಲ್ಲದೆ ಬದಲಾಗುತ್ತದೆ. ಪೊಸಿಷನ್ ಅಥವಾ ತಂತಿಯನ್ನು ಗಟ್ಟಿ ಮಾಡಿಡುವ ಸೆಟ್ಟಿಂಗ್ ಇದ್ದರೆ ಬಳಸಿ. ಭಾವಗೀತೆಗೆ ನಾನಾಗಿದ್ದರೆ ಪಲ್ಲವಿಯಲ್ಲಿ ಬಿಟ್ಟ ಎ, ಚರಣದಲ್ಲಿ 5ನೆಯ ಫ್ರೆಟ್‌ನ ಎ ಇಡುತ್ತಿದ್ದೆ. ಒಂದು ಸ್ವರವನ್ನೂ ಹೆಚ್ಚಿಸದೆ ಚರಣ ಬೇರೆಯಾಗಿ ಕೇಳಿಸುತ್ತದೆ.

ಎಫ್‌ಗೆ ಹೋಗುವಾಗ 8ನೆಯ ಮಾತ್ರೆಯ ಜಿ ಇದೆಯಲ್ಲ, ಅದು ಅದೇ ಇ ತಂತಿಯಲ್ಲಿ ಎರಡು ಫ್ರೆಟ್ ಮೇಲೆ. ಅಲ್ಲಿಂದ ಜಾರಿ ಇಳಿಯುವ ಆಸೆ ಆಗುತ್ತದೆ. ನಾಲ್ಕು ಸಾಲಿಗೆ ಒಮ್ಮೆ ಜಾರಿ, ತಪ್ಪಿಲ್ಲ. ಆದರೆ ಕೀಬೋರ್ಡ್‌ನಲ್ಲಿ ಸ್ವರ ಏರಿಳಿಸುವ ಪಿಚ್ ಬೆಂಡ್ ಗಾಲಿಯಿಂದ ಬೇಡ. ಫ್ರೆಟ್ ಇರುವ ಬೇಸ್‌ನಲ್ಲಿ ಬೆರಳು ಜಾರಿದರೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಒಂದೊಂದು ಫ್ರೆಟ್‌ಗೂ ಒಂದು ಮೆಟ್ಟಿಲು. ಗಾಲಿ ತಿರುಗಿಸಿದರೆ ನುಣ್ಣಗೆ ಜಾರುತ್ತದೆ. ಅದು ಫ್ರೆಟ್‌ಲೆಸ್ ಬೇಸ್‌ನ ಸದ್ದು. ಜಾಕೊ ಪಾಸ್ಟೋರಿಯಸ್ ಹೆಸರಾದ ವಾದ್ಯ ಅದು, ನಿಮ್ಮ ಸ್ಯಾಂಪಲ್ ಅದಲ್ಲ. ಲೈಬ್ರರಿಯಲ್ಲಿ ಸ್ಲೈಡ್ ಅಂತ ಬೇರೆ ಆರ್ಟಿಕ್ಯುಲೇಶನ್ (ನುಡಿಸುವ ಬಗೆ) ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪಿಚ್ ಬೆಂಡನ್ನೇ ಮೆಟ್ಟಿಲಾಗಿ ಬರೆಯಿರಿ. ಬೆಂಡ್ ವ್ಯಾಪ್ತಿ ಎರಡು ಅರ್ಧಸ್ವರ ಇದ್ದಾಗ ಒಂದು ಅರ್ಧಸ್ವರಕ್ಕೆ 4096 ಎಣಿಕೆ. ಅಷ್ಟಕ್ಕೆ ಒಂದು ಮೆಟ್ಟಿಲು.

ಗಾಯಕಿಯ ಗಮಕವನ್ನು ಬೇಸ್‌ನಲ್ಲಿ ಹಿಂಬಾಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ದಪ್ಪ ತಂತಿಯನ್ನು ಎಳೆದು ಬಗ್ಗಿಸುವುದು ಕಷ್ಟ. ಬಗ್ಗಿಸಿದರೂ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹ್ಯಾಮರ್-ಆನ್‌ಗೂ ಒಂದು ಮಾತು. ಅದು ಒಂದೇ ತಂತಿಯಲ್ಲಿ ಆಗಬೇಕು, ಕೈಗೆ ಸಿಗುವ ದೂರದಲ್ಲಿ ಆಗಬೇಕು. ಬಂದು ಬೀಳುವ ಸ್ವರ ಯಾವಾಗಲೂ ಮೆತ್ತಗಿರುತ್ತದೆ. ಅದಕ್ಕೇ ಬಾರ್‌ನ ಮೊದಲ ಮಾತ್ರೆಗೆ ಹ್ಯಾಮರ್ ಮಾಡಿ ಇಳಿಯಬೇಡಿ. ಬಿಯಿಂದ ಸಿಗೆ ಹೋಗುವಾಗ ಸಿಯನ್ನು ಹೊಸದಾಗಿ ಮೀಟಿ.

6ನೆಯ ಮಾತ್ರೆಗೆ ಹೇಳಿದ ಡೆಡ್ ನೋಟ್ ಅಂದರೆ ಎಡಗೈಯನ್ನು ತಂತಿಯ ಮೇಲೆ ಸುಮ್ನೆ ಇಟ್ಟು, ಒತ್ತದೆ ಮೀಟುವುದು. ಸ್ವರ ಇರುವುದಿಲ್ಲ, 'ಟಕ್' ಅಂತ ಒಂದು ಸದ್ದು ಮಾತ್ರ. ಲೈಬ್ರರಿಯಲ್ಲಿ ಇದಕ್ಕೆ ಕೀಸ್ವಿಚ್ (ಸದ್ದು ಮಾಡದೆ ನುಡಿಸುವ ಬಗೆಯನ್ನು ಬದಲಿಸುವ ಕೀ) ಇರುತ್ತದೆ, ಕೆಲವದರಲ್ಲಿ ತೀರಾ ಕಡಿಮೆ ವೆಲಾಸಿಟಿಗೆ ತಾನಾಗಿ ಬರುತ್ತದೆ. ತಬಲದ 'ಕ' ಜೊತೆ ಬಿದ್ದಾಗ ಅದು ಬೇರೆಯಾಗಿ ಕೇಳಿಸಲೇಬಾರದು. ಬೇಸ್ ಮ್ಯೂಟ್ ಮಾಡಿದಾಗ ಏನೋ ಕಡಿಮೆಯಾಯಿತು ಅನ್ನಿಸಬೇಕು, ಅಷ್ಟು ಸಾಕು. ಎಲ್ಲ ಬಾರ್‌ನಲ್ಲೂ ಹಾಕಬೇಡಿ.

ಕೀಸ್ವಿಚ್ ಕೆಲಸ ಮಾಡುತ್ತಿಲ್ಲ ಅಂದರೆ ಬಹುಪಾಲು ಆಕ್ಟೇವ್ ಹೆಸರಿನ ಗಲಾಟೆ. ಮಿಡಿಯ 60ನೆಯ ಸ್ವರವನ್ನು ಕ್ಯೂಬೇಸ್ ಸಿ3 ಅನ್ನುತ್ತದೆ, ರೀಪರ್ ಸಿ4 ಅನ್ನುತ್ತದೆ, ಎಫ್‌ಎಲ್ ಸ್ಟುಡಿಯೊ ಸಿ5 ಅನ್ನುತ್ತದೆ. ಮ್ಯಾನುಯಲ್‌ನಲ್ಲಿ ಬರೆದ ಹೆಸರನ್ನು ನಂಬಬೇಡಿ, ಸಂಖ್ಯೆ ನಂಬಿ. ಬಿಟ್ಟ ಇ ತಂತಿ ಅಂದರೆ 28. ನಾಲ್ಕು ತಂತಿಯ ಬೇಸ್‌ನಲ್ಲಿ ಅದಕ್ಕಿಂತ ಕೆಳಗೆ ಸ್ವರವೇ ಇಲ್ಲ, ಹಾಗಾಗಿ ಕೀಸ್ವಿಚ್‌ಗಳನ್ನು ಹೆಚ್ಚಾಗಿ ಅದರ ಕೆಳಗೆ ಇಟ್ಟಿರುತ್ತಾರೆ. ಕೀಸ್ವಿಚ್ ಸ್ವರಕ್ಕಿಂತ ಒಂದಿಷ್ಟು ಮೊದಲೇ ಬರಬೇಕು. ಎರಡನ್ನೂ ಕ್ವಾಂಟೈಸ್ ಮಾಡಿ ಒಂದೇ ಗೆರೆಗೆ ಕೂರಿಸಿದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ತಪ್ಪುತ್ತದೆ.

ವೆಲಾಸಿಟಿಗೆ ಬರೋಣ. ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಟ್ರ್ಯಾಕ್‌ನಲ್ಲಿ ಒಂದೇ ಸ್ವರವನ್ನು 10, 20, 30 ಅಂತ ಏರಿಸುತ್ತಾ 127ರವರೆಗೆ ಬರೆದು ಕೇಳಿ. ಕೆಲವು ಕಡೆ ಬಣ್ಣ ಥಟ್ಟನೆ ಬದಲಾಗುತ್ತದೆ. ಅಲ್ಲಿ ಒಂದು ಲೇಯರ್ (ಒಂದು ಮಟ್ಟದ ಜೋರಿಗೆ ರೆಕಾರ್ಡ್ ಮಾಡಿದ ಸ್ಯಾಂಪಲ್‌ಗಳು) ಮುಗಿದು ಇನ್ನೊಂದು ಶುರು. ಆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ತೀರಾ ಮೇಲಿನ ಲೇಯರ್‌ನಲ್ಲಿ ಸಾಮಾನ್ಯವಾಗಿ ತಂತಿ ಫ್ರೆಟ್‌ಗೆ ಬಡಿದ ಸದ್ದು ಇರುತ್ತದೆ. ಭಾವಗೀತೆಗೆ ಅದು ಬೇಡವೇ ಬೇಡ. ನಿಮ್ಮ ಹಾಡನ್ನು ನಡುವಿನ ಒಂದೇ ಲೇಯರ್ ಒಳಗೆ ಇಡಿ, ಗೆರೆ ದಾಟುವುದು ಚರಣದ ಮೇಲ್ಸ್ಥಾಯಿಯಂಥ ಕಡೆ ಮಾತ್ರ. ಬೇಸ್‌ನಲ್ಲಿ ವೆಲಾಸಿಟಿ ಸದ್ದಿನ ಪ್ರಮಾಣಕ್ಕಿಂತ ಬಣ್ಣದ ವಿಷಯ. ಪ್ರಮಾಣವನ್ನು ಮುಂದೆ ಕಂಪ್ರೆಸರ್ ಹೇಗೂ ಒಂದೇ ಮಟ್ಟಕ್ಕೆ ತರುತ್ತದೆ.

ಇನ್ನೊಂದು ಪರೀಕ್ಷೆ: ಒಂದೇ ಸ್ವರ, ಒಂದೇ ವೆಲಾಸಿಟಿ, ಎಂಟು ಸಲ. ಎಂಟೂ ಪಡಿಯಚ್ಚಿನಂತೆ ಇದ್ದರೆ ನಿಮ್ಮ ಲೈಬ್ರರಿಯಲ್ಲಿ ರೌಂಡ್ ರಾಬಿನ್ ಇಲ್ಲ, ಅಂದರೆ ಒಂದೇ ಸ್ವರಕ್ಕೆ ಹಲವು ರೆಕಾರ್ಡಿಂಗ್ ಇಲ್ಲ. ಆಗ ಒಂದೇ ಸ್ವರ ಸಾಲಾಗಿ ಬರುವ ಕಡೆ ವೆಲಾಸಿಟಿಯನ್ನು ಐದಾರು ಅಂಕಿ ಹೆಚ್ಚು ಕಡಿಮೆ ಮಾಡಿ. ಎರಡು ಬೆರಳಲ್ಲಿ ನುಡಿಸುವವರು ತೋರುಬೆರಳು, ನಡುಬೆರಳು ಅಂತ ಬದಲಿಸುತ್ತಾ ಹೋಗುತ್ತಾರೆ, ಎರಡರ ಪೆಟ್ಟು ಪೂರ್ತಿ ಒಂದೇ ಆಗಿರುವುದಿಲ್ಲ. ಹಾಗೆ ಜೋರು, ಮೆತ್ತಗೆ, ಜೋರು, ಮೆತ್ತಗೆ ಅಂತ ಬರೆಯಿರಿ. ಮೇಲಿನ ತಂತಿಯಿಂದ ಕೆಳಗಿನದಕ್ಕೆ ಇಳಿಯುವಾಗ ಮಾತ್ರ ಅದೇ ಬೆರಳು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಎರಡನೆಯ ಸ್ವರ ಸ್ವಲ್ಪ ಮೆತ್ತಗಿರಲಿ.

ಹ್ಯೂಮನೈಸ್ ಯಾಕೆ ಕೆಟ್ಟಿತು ಅಂತ ಈಗ ಗೊತ್ತಾಗಿರಬೇಕು, ಅಲ್ವಾ? ಅದು ಸ್ವರಗಳನ್ನು ಹಿಂದೆ ಮುಂದೆ ಚೆಲ್ಲಾಪಿಲ್ಲಿ ಮಾಡುತ್ತದೆ. ಒಳ್ಳೆಯ ವಾದಕರು ಚೆಲ್ಲಾಪಿಲ್ಲಿಯಾಗಿ ನುಡಿಸುವುದಿಲ್ಲ. ಅವರು ಹಿಂದೆ ಎಳೆದರೆ ಹಾಡು ಪೂರ್ತಿ ಒಂದೇ ಅಳತೆಯಲ್ಲಿ ಎಳೆಯುತ್ತಾರೆ. ನಿಮ್ಮ ತಬಲ ಜೀವಂತ ರೆಕಾರ್ಡಿಂಗ್. ಹಾಗಾಗಿ ಗ್ರಿಡ್ (ಪರದೆಯ ಮೇಲಿನ ತಾಳದ ಗೆರೆಗಳು) ಮರೆತುಬಿಡಿ. 1ರ 'ಧಾ' ವೇವ್‌ಫಾರ್ಮ್‌ನಲ್ಲಿ ಎಲ್ಲಿ ಏಳುತ್ತದೋ ಅಲ್ಲಿಗೆ ಬೇಸ್ ಸ್ವರ ತನ್ನಿ, ಬೇಕಿದ್ದರೆ ಐದರಿಂದ ಹತ್ತು ಮಿಲಿಸೆಕೆಂಡ್ ತಡವಾಗಿ ಇಡಿ. 7ರ ಸ್ವರಕ್ಕೂ ಹಾಗೇ. ಉಳಿದದ್ದು ಗ್ರಿಡ್‌ನಲ್ಲಿದ್ದರೂ ನಡೆಯುತ್ತದೆ.

ಇದನ್ನು ಮಾಡುವ ಮೊದಲು ಸ್ಯಾಂಪಲ್ ತಡವಾಗಿ ಬರುತ್ತಿದೆಯಾ ನೋಡಿಕೊಳ್ಳಿ. ಬೆರಳಿನ ಸದ್ದನ್ನೂ ಉಳಿಸಿಕೊಂಡ ಸ್ಯಾಂಪಲ್‌ಗಳಲ್ಲಿ ಸ್ವರ ಸ್ವಲ್ಪ ಆಮೇಲೆ ಹುಟ್ಟುತ್ತದೆ. ಬೇಸ್ ಟ್ರ್ಯಾಕ್ ಅನ್ನು ಆಡಿಯೊ ಮಾಡಿ ತಬಲದ ಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ. ತಡ ಇದ್ದಷ್ಟು ಟ್ರ್ಯಾಕ್ ಅನ್ನು ಮುಂಚೆ ಸರಿಸಿ. ಕೆಳಗಿನ ಸ್ವರಗಳ ಸ್ವಭಾವವೂ ಇದಕ್ಕೆ ಸೇರುತ್ತದೆ. ಬಿಟ್ಟ ಇ ತಂತಿ 41 ಹರ್ಟ್ಸ್, ಅದರ ಒಂದು ಸುತ್ತು ಮುಗಿಯಲು 24 ಮಿಲಿಸೆಕೆಂಡ್ ಬೇಕು. ಕಿವಿಗೆ ಸ್ವರ ಯಾವುದು ಅಂತ ಗೊತ್ತಾಗುವುದು ಅದರ ಆಮೇಲೆ.

ಬೇಸ್‌ನ ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಪ್ಲಗಿನ್‌ನಲ್ಲಿ ಪ್ರಿಸಿಷನ್, ಜಾಝ್ ಅಂತ ಎರಡು ಆಯ್ಕೆ ಇದ್ದರೆ, ಮೊದಲನೆಯದು ಲಿಯೊ ಫೆಂಡರ್ 1951ರಲ್ಲಿ ತಂದ ಬೇಸ್‌ನ ಜಾತಿ, ಎರಡನೆಯದು 1960ರದು. ಭಾವಗೀತೆಗೆ ಪ್ರಿಸಿಷನ್ ತೆಗೆದುಕೊಂಡು ಟೋನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಹಾಡುಗಳಿಗೆ 60ರ ದಶಕದಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಹೀಗೇ ಮಂದ ಸದ್ದು ಇಟ್ಟುಕೊಂಡಿದ್ದರು: ಪ್ರಿಸಿಷನ್ ಬೇಸ್, ನುಣ್ಣನೆಯ ಫ್ಲಾಟ್‌ವೌಂಡ್ ತಂತಿ, ಬ್ರಿಡ್ಜ್ ಹತ್ತಿರ ತಂತಿಗೆ ತಾಗುವ ಫೋಮ್. ಬಲಗೈಯಲ್ಲಿ ಬರೀ ತೋರುಬೆರಳು. ಫೋಮ್ ಇದ್ದರೆ ಸ್ವರ ತಾನಾಗಿ ಬೇಗ ಆರುತ್ತದೆ. ಪ್ಲಗಿನ್‌ನಲ್ಲಿ ಮ್ಯೂಟ್ ಅಥವಾ ಡಿಕೇ ಗುಂಡಿ ಇದ್ದರೆ ಆ ಕೆಲಸಕ್ಕೆ ಬರುತ್ತದೆ.

ಮಿಕ್ಸ್‌ನಲ್ಲಿ ಹೆಚ್ಚೇನೂ ಬೇಡ. ಮೊದಲು ಪ್ಲಗಿನ್‌ನ ಒಳಗೇ ಆಂಪ್, ರಿವರ್ಬ್ ಹಾಕಿದ್ದಾರಾ ನೋಡಿ, ರಿವರ್ಬ್ ತೆಗೆಯಿರಿ. 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಕಂಪ್ರೆಸರ್ 4:1, ಅಟ್ಯಾಕ್ (ಅದು ಸದ್ದನ್ನು ಒತ್ತಲು ತೆಗೆದುಕೊಳ್ಳುವ ಹೊತ್ತು) 25ರಿಂದ 30 ಮಿಲಿಸೆಕೆಂಡ್, ಬೆರಳಿನ ಮೊದಲ ಪೆಟ್ಟು ಉಳಿಯುವಂತೆ. ನಿಮ್ಮ ಹಾಡನ್ನು ಹೆಚ್ಚು ಜನ ಫೋನಿನಲ್ಲೇ ಕೇಳುತ್ತಾರೆ. ನಿಮ್ಮ ಎ ಸ್ವರ 55 ಹರ್ಟ್ಸ್, ಫೋನಿನ ಸ್ಪೀಕರ್ ಅದನ್ನು ಕೊಡುವುದಿಲ್ಲ. ಆದರೆ ಅದರ ಮೇಲಿನ 110, 165, 220 ಮತ್ತು ಅದಕ್ಕಿಂತ ಮೇಲಿನ ಹಾರ್ಮೋನಿಕ್‌ಗಳಲ್ಲಿ ಒಂದಷ್ಟು ಸಿಕ್ಕರೂ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ಈ ಹಾರ್ಮೋನಿಕ್‌ಗಳನ್ನು ಹೆಚ್ಚಿಸುವ ಸ್ಯಾಚುರೇಶನ್ ಸ್ವಲ್ಪ ಹಾಕಿ. ಒಡೆದ ಸದ್ದು ಕೇಳಿಸುವ ಮೊದಲೇ ನಿಲ್ಲಿಸಿ.

ಇಷ್ಟು ಮಾಡಿದ ಮೇಲೂ ಹೊಸ ಲೈಬ್ರರಿ ಬೇಕು ಅನ್ನಿಸಿದರೆ ಕೊಳ್ಳುವ ಮೊದಲು ಮೂರು ವಿಷಯ ವಿಚಾರಿಸಿ. ರೌಂಡ್ ರಾಬಿನ್ ಇದೆಯಾ? ಯಾವ ತಂತಿ, ಯಾವ ಫ್ರೆಟ್ ಅಂತ ನಾವೇ ಹೇಳಬಹುದಾ? ಸ್ವರ ಬಿಟ್ಟಾಗಿನ ಸದ್ದಿಗೂ ಬೇರೆ ಸ್ಯಾಂಪಲ್ ಇದೆಯಾ? ಎಷ್ಟು ಗಿಗಾಬೈಟ್, ಎಷ್ಟು ಬೇಸ್ ಮಾಡೆಲ್ ಅನ್ನುವುದೆಲ್ಲ ಆಮೇಲಿನ ಮಾತು. ಸ್ಯಾಂಪಲ್ ಬಿಟ್ಟು ಬೇರೆ ದಾರಿಯೂ ಇದೆ. ಐಕೆ ಮಲ್ಟಿಮೀಡಿಯಾದ ಮೋಡೊ ಬೇಸ್ ರೆಕಾರ್ಡಿಂಗ್ ಬಳಸುವುದಿಲ್ಲ, ತಂತಿಯ ಅಲುಗಾಟವನ್ನು ಲೆಕ್ಕ ಹಾಕಿ ಸದ್ದು ಮಾಡುತ್ತದೆ. ಸದ್ಯಕ್ಕೆ ಆಂಪಲ್ ಸೌಂಡ್‌ನವರ ಆಂಪಲ್ ಬೇಸ್ ಪಿ ಲೈಟ್ ಪುಕ್ಕಟೆ ಸಿಗುತ್ತದೆ. ಅದು ಪ್ರಿಸಿಷನ್ ಜಾತಿಯದೇ. ನೀವು ತಿದ್ದಿದ ಮಿಡಿಯನ್ನು ಅದರಲ್ಲೂ ಒಮ್ಮೆ ಹಾಕಿ, ಈಗಿರುವುದರ ಪಕ್ಕ ಇಟ್ಟು ಕೇಳಿ. ಬೇರೆ ಲೈಬ್ರರಿಗೆ ಹಾಕುವಾಗ ಕೀಸ್ವಿಚ್ ಸ್ವರಗಳನ್ನು ಅಳಿಸಲು ಮರೆಯಬೇಡಿ. ಪ್ರತಿ ಲೈಬ್ರರಿಯಲ್ಲೂ ಅವು ಬೇರೆ ಬೇರೆ ಕಡೆ ಇರುತ್ತವೆ.